ಬಿಟ್ಟರೆ ಸುತ್ತಿಕೊಳ್ಳದ ಸೀಟ್ ಬೆಲ್ಟು: ಹಳೆಯ ಎಸ್‌ಯುವಿ ಇಟ್ಟುಕೊಂಡವರಿಗೆ

ಮದ್ದೂರು, ಹುಣಸೂರು, ಕೆ.ಆರ್. ಪೇಟೆ, ಮೈಸೂರಿನ ವಿಜಯನಗರ. ಊರು ಬೇರೆ ಬೇರೆ, ಪ್ರಶ್ನೆ ಒಂದೇ. "ಗಾಡಿಗೆ ಹದಿನಾಲ್ಕು ವರ್ಷ. ಎಂಜಿನ್ ಚಿನ್ನದಂತಿದೆ. ಆದರೆ ಸೀಟ್ ಬೆಲ್ಟು ಎಳೆದರೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುವುದಿಲ್ಲ. ಬಾಗಿಲಿಗೆ ಸಿಕ್ಕಿ ಜಜ್ಜಿಹೋಗುತ್ತಿದೆ. ಏನು ಮಾಡಲಿ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಪ್ರಶ್ನೆ ಹೆಚ್ಚಾಗಿದೆ. ಮಂಡ್ಯ ಪೇಟೆಯೊಳಗೆ ತೆವಳಿಕೊಂಡು ಹೋಗುತ್ತಿದ್ದ ಬೊಲೆರೊ, ಸುಮೊ, ಸ್ಕಾರ್ಪಿಯೊ, ಕ್ವಾಲಿಸ್‌ಗಳು ಈಗ ನೂರರ ಹತ್ತಿರ ಓಡುತ್ತಿವೆ. ತಲೆಯ ಮೇಲೆ ಕ್ಯಾಮೆರಾ ಇದೆ. ಬೆಲ್ಟು ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ 1,000 ರೂಪಾಯಿ ದಂಡ ಇದೆ. ಆದ್ದರಿಂದ ಸಡಿಲವಾದ ಬೆಲ್ಟನ್ನೇ ಎದೆಯ ಮೇಲೆ ಎಳೆದುಕೊಂಡು, ಅದು ಮಡಿಲಲ್ಲಿ ಜೋತುಬಿದ್ದಿದ್ದರೂ ಪರವಾಗಿಲ್ಲವೆಂದು ಹೋಗುವವರನ್ನು ದಿನವೂ ನೋಡುತ್ತೇನೆ. ಕ್ಯಾಮೆರಾದ ಕಣ್ಣಿಗೆ ಅದು ಬೆಲ್ಟು. ಡಿಕ್ಕಿಯಾದಾಗ ಅದು ಹೆಗಲ ಮೇಲಿನ ಶಲ್ಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪಟ್ಟಿಯನ್ನು ಒಳಗೆ ಸುತ್ತಿಕೊಳ್ಳುವ ಡಬ್ಬಿಗೆ ರಿಟ್ರ್ಯಾಕ್ಟರ್ ಎಂದು ಹೆಸರು. ನಾನು ನೋಡಿದ ಮಟ್ಟಿಗೆ, "ರಿಟ್ರ್ಯಾಕ್ಟರ್ ಸತ್ತಿದೆ" ಎಂದು ತಂದ ಬೆಲ್ಟುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ, ಕೊಳೆತುಂಬಿರುತ್ತವೆ ಅಷ್ಟೆ. ನಿಜವಾಗಿ ಸತ್ತದ್ದನ್ನು ಯಾರೂ ಬದುಕಿಸಲಾರರು. ನಿಮಗಿರುವುದು ಎರಡೇ ದಾರಿ: ತೊಳೆಯುವುದು ಅಥವಾ ಬದಲಿಸುವುದು. ಡಬ್ಬಿ ಬಿಚ್ಚಿ ಸರಿಮಾಡುವುದು ಎಂಬ ಮೂರನೆಯ ದಾರಿಯನ್ನು ತೋರಿಸುವ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವನ್ನು ನೋಡಿ, ಮರೆತುಬಿಡಿ.

ನಿಮ್ಮ ದೂರು ಯಾವುದು?

ಬೆಲ್ಟು ಮೂರು ರೀತಿಯಲ್ಲಿ ಕೆಡುತ್ತದೆ. ಒಂದು, ಬಿಟ್ಟಾಗ ಸುತ್ತಿಕೊಳ್ಳುವುದಿಲ್ಲ, ಅಥವಾ ಅರ್ಧಕ್ಕೆ ನಿಲ್ಲುತ್ತದೆ. ಎರಡು, ಎಳೆದರೆ ಬರುವುದೇ ಇಲ್ಲ, ಕಲ್ಲಿನಂತೆ ಹಿಡಿದಿರುತ್ತದೆ. ಮೂರು, ಎಷ್ಟು ಜೋರಾಗಿ ಜಗ್ಗಿದರೂ ಎಲ್ಲೂ ಲಾಕ್ ಆಗುವುದಿಲ್ಲ. ಮೊದಲ ಎರಡು ಕಿರಿಕಿರಿ ಮಾಡುತ್ತವೆ, ಆದ್ದರಿಂದ ಜನ ಬಂದು ಕೇಳುತ್ತಾರೆ. ಮೂರನೆಯದನ್ನು ದೂರು ಎಂದು ಇದುವರೆಗೆ ಯಾರೂ ನನ್ನ ಬಳಿ ತಂದಿಲ್ಲ. ಅದನ್ನು ಹೊಗಳಿಕೆಯಾಗಿ ಹೇಳುತ್ತಾರೆ: "ನಮ್ಮ ಗಾಡಿಯ ಬೆಲ್ಟು ಬಹಳ ಸಲೀಸು, ಎಲ್ಲೂ ಹಿಡಿಯುವುದಿಲ್ಲ." ಜೀವಕ್ಕೆ ಎರವಾಗುವುದು ಅದೇ. ಹಾಗಾಗಿ ನಿಮ್ಮ ದೂರು ಒಂದನೆಯದಾದರೂ ಲಾಕ್ ಪರೀಕ್ಷೆಯನ್ನು ಬಿಡಬೇಡಿ.

ಡಬ್ಬಿಯೊಳಗೆ ಏನಿದೆ?

ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವೆ ನಿಂತಿರುವ ಕಂಬವನ್ನು ಗ್ಯಾರೇಜಿನವರು ಬಿ ಪಿಲ್ಲರ್ ಎನ್ನುತ್ತಾರೆ. ಅದರ ಬುಡದಲ್ಲಿ, ಟ್ರಿಮ್ ಎಂದು ಕರೆಯುವ ಪ್ಲಾಸ್ಟಿಕ್ ಹೊದಿಕೆಯ ಹಿಂದೆ, ಅಂಗೈಯಗಲದ ಲೋಹದ ಚೌಕಟ್ಟೊಂದು ಬೋಲ್ಟಿನಲ್ಲಿ ಕೂತಿರುತ್ತದೆ. ಅದೇ ರಿಟ್ರ್ಯಾಕ್ಟರ್. ನಡುವೆ ಪಟ್ಟಿ ಸುತ್ತಿಕೊಳ್ಳುವ ಉರುಳೆ. ಉರುಳೆಯ ಒಂದು ಬದಿಗೆ ಕೀಲಿ ಕೊಡುವ ಗಡಿಯಾರದಲ್ಲಿರುವಂಥ ಸುರುಳಿ ಸ್ಪ್ರಿಂಗ್ ಇರುತ್ತದೆ. ಪಟ್ಟಿಯನ್ನು ಒಳಗೆ ಎಳೆದುಕೊಳ್ಳುವುದು ಅದು. ಆ ಸ್ಪ್ರಿಂಗ್‌ಗೆ ಇರುವ ಶಕ್ತಿ ಬಹಳ ಕಡಿಮೆ. ಎದೆಯನ್ನು ಒತ್ತಬಾರದೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ದಾರಿಯಲ್ಲಿ ಎಲ್ಲಿಯಾದರೂ ತುಸು ಅಂಟು ಸಿಕ್ಕಿದರೂ ಅದು ಸೋಲುವುದು ಇದಕ್ಕೇ.

ಉರುಳೆಯ ಇನ್ನೊಂದು ಬದಿಗೆ ಲಾಕ್. ಸಣ್ಣ ಬಟ್ಟಲಿನಂಥ ತಗ್ಗಿನಲ್ಲಿ ಒಂದು ಗುಂಡು ಕೂತಿರುತ್ತದೆ. ಬ್ರೇಕ್ ಬಿದ್ದಾಗ ಗಾಡಿ ನಿಧಾನಿಸುತ್ತದೆ, ಗುಂಡು ಮುಂದಕ್ಕೆ ಉರುಳಿ ಬಟ್ಟಲಿನ ಅಂಚಿಗೆ ಏರುತ್ತದೆ, ಮೇಲಿರುವ ಪುಟ್ಟ ಸನ್ನೆಕೋಲನ್ನು ಎತ್ತುತ್ತದೆ, ಸನ್ನೆಕೋಲು ಹಲ್ಲಿನ ಚಕ್ರಕ್ಕೆ ಸಿಕ್ಕಿ ಉರುಳೆ ನಿಲ್ಲುತ್ತದೆ. ಬಹುಪಾಲು ರಿಟ್ರ್ಯಾಕ್ಟರುಗಳಲ್ಲಿ ಇದರ ಜೊತೆಗೆ, ಪಟ್ಟಿಯನ್ನು ತಟ್ಟನೆ ಜಗ್ಗಿದರೂ ಹಿಡಿಯುವ ಎರಡನೆಯ ಲಾಕ್ ಇರುತ್ತದೆ.

ಗುಂಡಿಗೆ ಬ್ರೇಕು ಯಾವುದು, ವಾಲಿಕೆ ಯಾವುದು ಎಂಬ ವ್ಯತ್ಯಾಸ ಗೊತ್ತಿಲ್ಲ ಎಂಬುದನ್ನು ನೆನಪಿಡಿ. ವಿಶ್ವಸಂಸ್ಥೆಯ 16ನೇ ನಿಯಮಾವಳಿಯ ಪ್ರಕಾರ ರಿಟ್ರ್ಯಾಕ್ಟರ್ 12 ಡಿಗ್ರಿಯವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿ ವಾಲಿದರೆ ಲಾಕ್ ಆಗಲೇಬೇಕು. ಮುಂದೆ ಎರಡು ಕಡೆ ಈ ಅಂಕಿಗಳು ಕೆಲಸಕ್ಕೆ ಬರುತ್ತವೆ.

ಬೇಕಾಗುವ ಸಾಮಾನು

ಉಗುರುಬೆಚ್ಚಗಿನ ನೀರು ಒಂದು ಬಕೆಟ್ಟು, ಪಾತ್ರೆ ತೊಳೆಯುವ ದ್ರವ ಅಥವಾ ಮೃದುವಾದ ಯಾವುದೇ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್, ಹಳೆಯ ಹತ್ತಿಯ ಪಂಚೆಯ ತುಂಡು, ಬಲವಾಗಿ ಕಚ್ಚುವ ಎರಡು ಬಟ್ಟೆ ಕ್ಲಿಪ್ಪು, ಟಾರ್ಚು. ತೊಳೆಯುವುದಕ್ಕೆ ಇಷ್ಟೇ ಸಾಕು. ಬದಲಿಸುವುದಾದರೆ ಸಾಕೆಟ್ ಸೆಟ್ಟು, ಪ್ಲಾಸ್ಟಿಕ್ಕಿನ ಮೀಟುಗೋಲು, ಟಾರ್ಕ್ ರೆಂಚ್ ಬೇಕು. ಟಾರ್ಕ್ ರೆಂಚ್ ಎಂದರೆ ಬೋಲ್ಟನ್ನು ಎಷ್ಟು ಬಿಗಿ ಮಾಡಿದ್ದೇವೆಂದು ಅಳತೆಯಲ್ಲಿ ತೋರಿಸುವ ಉಪಕರಣ. ಬೋಲ್ಟಿನ ತಲೆ ಕೆಲವು ಗಾಡಿಗಳಲ್ಲಿ 17 ಎಂಎಂ ಷಟ್ಕೋನ, ಕೆಲವದರಲ್ಲಿ ಟಾರ್ಕ್ಸ್ ಎಂಬ ನಕ್ಷತ್ರದ ಆಕಾರ. ಅದಕ್ಕೆ ಹೊಂದುವ ಟಾರ್ಕ್ಸ್ ಬಿಟ್ (ತಿರುಗಿಸುವ ತುದಿ) ಇಲ್ಲದೆ ನಕ್ಷತ್ರದ ತಲೆಗೆ ಕೈ ಹಾಕಬೇಡಿ. ಒಮ್ಮೆ ಅದರ ಅಂಚು ಸವೆದರೆ ವೆಲ್ಡಿಂಗ್‌ನವರನ್ನು ಕರೆಯಬೇಕಾಗುತ್ತದೆ.

ಬೇಡವಾದವು: ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್, ಬ್ಲೀಚಿಂಗ್ ಪುಡಿ, ಗ್ರೀಸ್, ಕೀಲುಗಳಿಗೆ ಹೊಡೆಯುವ ಯಾವುದೇ ಸ್ಪ್ರೇ, ಕೊಬ್ಬರಿ ಎಣ್ಣೆ. ಕೊನೆಯದನ್ನು ತಮಾಷೆಗೆ ಬರೆಯುತ್ತಿಲ್ಲ. ಬೆಲ್ಟು ಬಿಗಿಯಾಗಿದೆ ಎಂದು ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟವರನ್ನು ಕಂಡಿದ್ದೇನೆ. ಎರಡು ದಿನ ಸಲೀಸಾಗಿ ಓಡುತ್ತದೆ, ಆಮೇಲೆ ಆ ಎಣ್ಣೆ ಊರಿನ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಲಾಕ್‌ನೊಳಗೆ ಹೋದರಂತೂ ಗುಂಡು ಬಟ್ಟಲಿಗೇ ಅಂಟುತ್ತದೆ.

1. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ಮತ್ತೆ ಹತ್ತಿ ಬೆಲ್ಟು ಎಳೆದರೆ ಬರುತ್ತಿಲ್ಲ ಎಂದು ಗಾಬರಿಯಾಗುವವರಿದ್ದಾರೆ. ಇಳಿಜಾರಿನ ಜೊತೆಗೆ ಒಂದು ಚಕ್ರ ಚರಂಡಿಯ ಅಂಚಿಗೆ ಇಳಿದಿದ್ದರೆ ಒಟ್ಟು ವಾಲಿಕೆ ಆ 12 ಡಿಗ್ರಿಯನ್ನು ದಾಟಬಹುದು. ಅಲ್ಲಿ ಬೆಲ್ಟು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. ಆದ್ದರಿಂದ ಪರೀಕ್ಷೆಗೆ ಮೊದಲು ಸಮನೆಲ, ಎಂಜಿನ್ ಬಂದ್, ಹ್ಯಾಂಡ್ ಬ್ರೇಕ್.

2. ಕಚ್ಚಿಕೊಂಡಿದ್ದರೆ ಮೊದಲು ಬಿಡಿಸಿ

ಪಟ್ಟಿ ಪೂರ್ತಿ ಒಳಗೆ ಸುತ್ತಿಕೊಂಡು ಕಚ್ಚಿಕೊಂಡಿದ್ದರೆ, ಒಂದೇ ಸಮನೆ ಜಗ್ಗುವುದು ನಾವೆಲ್ಲ ಮಾಡುವ ತಪ್ಪು. ಜಗ್ಗಿದಷ್ಟೂ ಹಲ್ಲು ಗಟ್ಟಿಯಾಗಿ ಕೂರುತ್ತದೆ. ಒಮ್ಮೆ ಮಾತ್ರ ಗಟ್ಟಿಯಾಗಿ ಎಳೆದು, ಕೈ ಸಡಿಲಿಸಿ ಪಟ್ಟಿ ಅರ್ಧ ಇಂಚಾದರೂ ಹಿಂದೆ ಹೋಗಲು ಬಿಡಿ. "ಟಿಕ್" ಎಂಬ ಸದ್ದು ಕೇಳಿಸಬಹುದು. ಆಮೇಲೆ ಬಾವಿಯಿಂದ ತುಂಬಿದ ಕೊಡ ಎಳೆಯುವ ಹಾಗೆ, ಅವಸರವಿಲ್ಲದೆ ಎಳೆಯಿರಿ. ನಾಲ್ಕೈದು ಸಲ ಪ್ರಯತ್ನಿಸಿದರೂ ಬಾರದಿದ್ದರೆ, ಪಟ್ಟಿ ಒಳಗೆ ಮಡಚಿಕೊಂಡಿರಬಹುದು. ಅದಕ್ಕೆ ಟ್ರಿಮ್ ಬಿಚ್ಚಬೇಕು, 7ನೇ ಹಂತ ನೋಡಿ.

ವಿದೇಶದಿಂದ ತರಿಸಿದ ಕೆಲವು ಗಾಡಿಗಳಲ್ಲಿ ಇನ್ನೊಂದು ಗುಣವಿದೆ. ಪಟ್ಟಿಯನ್ನು ಕೊನೆಯವರೆಗೂ ಎಳೆದರೆ, ಹಿಂದೆ ಹೋಗುವಾಗ ಕಟಕಟ ಎನ್ನುತ್ತಾ ಹೋಗುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಮಕ್ಕಳ ಸೀಟನ್ನು ಬಿಗಿದು ಕಟ್ಟಲು ಇರುವ ಏರ್ಪಾಡು ಅದು. ಪಟ್ಟಿಯನ್ನು ಪೂರ್ತಿ ಒಳಗೆ ಬಿಟ್ಟರೆ ತಾನಾಗಿಯೇ ಮಾಮೂಲಿಗೆ ಬರುತ್ತದೆ.

3. ಪಟ್ಟಿಯನ್ನು ಪೂರ್ತಿ ಹೊರಗೆಳೆದು ಓದಿ

ಓದಿ ಎಂದೇ ಹೇಳುತ್ತೇನೆ. ಹಳೆಯ ಪಟ್ಟಿ ಗಾಡಿಯ ಚರಿತ್ರೆಯನ್ನು ಹೇಳುತ್ತದೆ, ಮಾರಿದವನು ಹೇಳದ್ದನ್ನೂ. ಉರುಳೆಯ ತಳ ಕಾಣುವವರೆಗೆ ನಿಧಾನವಾಗಿ ಎಳೆದು, ಕ್ಲಿಪ್ಪು ಹಾಕಿ ನಿಲ್ಲಿಸಿ. ಎರಡೂ ಬದಿಗಳನ್ನು ಟಾರ್ಚಿನ ಬೆಳಕಿನಲ್ಲಿ ನೋಡಿ, ಅಂಚುಗಳ ಮೇಲೆ ಬೆರಳಾಡಿಸಿ.

ಅಂಚಿನಲ್ಲಿ ಎಳೆ ಬಿಟ್ಟಿರುವುದು, ಬಾಗಿಲು ಜಜ್ಜಿದ ಕಡೆ ಪಟ್ಟಿ ತೆಳುವಾಗಿರುವುದು, ಸಿಗರೇಟಿನ ಕಿಡಿ ಬಿದ್ದ ತೂತು, ಬಿಸಿಲಿಗೆ ಬಣ್ಣ ಹೋಗಿ ಒರಟಾಗಿರುವುದು: ಇವುಗಳಲ್ಲಿ ಯಾವುದು ಕಂಡರೂ ಬದಲಿಸಬೇಕು, ತೊಳೆದು ಪ್ರಯೋಜನವಿಲ್ಲ. ಕಬ್ಬಿನ ಗದ್ದೆಯ ಪಕ್ಕದ ಮನೆಯವರು ಇಲಿ ಕಡಿತವನ್ನೂ ಹುಡುಕಿ. ಗಾಡಿ ವಾರಗಟ್ಟಲೆ ನಿಂತಿದ್ದರೆ ಇಲಿಗೆ ಪಟ್ಟಿಯೂ ಒಂದೇ, ವೈರೂ ಒಂದೇ. ಕಡಿತ ಸಾಮಾನ್ಯವಾಗಿ ಕೆಳಗಿನ ಕೊನೆಯಲ್ಲಿ, ಸೀಟಿನ ಮರೆಯಲ್ಲಿ ಇರುತ್ತದೆ.

ಅಪಘಾತದ ಗುರುತು ಬೇರೆಯದೇ. ಭುಜದ ಮೇಲೆ ಪಟ್ಟಿ ಹಾದುಬರುವ ಕೊಂಡಿಯ ಹತ್ತಿರ, ಪಟ್ಟಿಯ ಮೇಲೆ ಕರಗಿ ಹೊಳೆಯುವಂಥ ಕಲೆ ಅಥವಾ ಅಲೆಅಲೆಯಾಗಿ ಸುಕ್ಕುಗಟ್ಟಿದ ಭಾಗ ಕಂಡರೆ, ಆ ಬೆಲ್ಟು ಯಾರದೋ ಭಾರವನ್ನು ಒಮ್ಮೆ ಹೊತ್ತಿದೆ ಎಂದರ್ಥ. ಕೆಲವು ಬೆಲ್ಟುಗಳಲ್ಲಿ ಕೆಳಗಿನ ಕೊನೆಯ ಹತ್ತಿರ ಪಟ್ಟಿಯನ್ನು ಮಡಚಿ ಹೊಲಿದಿರುತ್ತಾರೆ. ಭಾರ ಬಿದ್ದಾಗ ಆ ಹೊಲಿಗೆ ಹರಿದು ಬಿಚ್ಚಿಕೊಳ್ಳಲೆಂದೇ ಇರುವುದು. ಅದು ಹರಿದಿದ್ದರೆ ಮರುಹೊಲಿಗೆ ಹಾಕಿಸಬೇಡಿ. ಚಪ್ಪಲಿ ಹೊಲಿಯುವವರ ಕೈಯಲ್ಲಿ ಅಚ್ಚುಕಟ್ಟಾಗಿ ಹೊಲಿಸಿಕೊಂಡು ಬಂದ ಬೆಲ್ಟನ್ನು ನೋಡಿದ್ದೇನೆ. ಹೊಲಿಗೆ ಚೆನ್ನಾಗಿಯೇ ಇತ್ತು, ಬೆಲ್ಟು ಮಾತ್ರ ಮುಗಿದಿತ್ತು.

4. ಲಾಕ್ ಪರೀಕ್ಷೆ

ಕೂತಲ್ಲೇ, ಪಟ್ಟಿಯನ್ನು ಒಂದು ಅಡಿ ಹೊರಗೆಳೆದು, ಅಲ್ಲಿಂದ ತಟ್ಟನೆ ಜಗ್ಗಿ. ಹಿಡಿಯಬೇಕು. ಬೇರೆ ಬೇರೆ ಉದ್ದದಲ್ಲಿ ಐದಾರು ಸಲ ಮಾಡಿ, ಪ್ರತಿ ಸಲವೂ ಹಿಡಿಯಬೇಕು. ಮೂರರಲ್ಲಿ ಎರಡು ಸಲ ಹಿಡಿಯುವ ಬೆಲ್ಟು ಕೆಟ್ಟ ಬೆಲ್ಟೇ.

ಇದು ಎರಡನೆಯ ಲಾಕ್‌ನ ಪರೀಕ್ಷೆ ಮಾತ್ರ. ಗುಂಡಿನ ಲಾಕ್ ನೋಡಬೇಕಾದರೆ ಗಾಡಿ ಓಡಬೇಕು. ಹಿಂದೆ ಮುಂದೆ ಯಾರೂ ಇಲ್ಲದ ಖಾಲಿ ಮೈದಾನದಲ್ಲಿ, ಗಂಟೆಗೆ 10–15 ಕಿಲೋಮೀಟರ್ ವೇಗದಲ್ಲಿ, ಪಕ್ಕದ ಸೀಟಿನವರಿಗೆ ಮೊದಲೇ ಹೇಳಿ, ಗಟ್ಟಿಯಾಗಿ ಬ್ರೇಕ್ ಹಾಕಿ. ಅದೇ ಕ್ಷಣಕ್ಕೆ ಪಟ್ಟಿ ಎದೆಯ ಮೇಲೆ ನಿಲ್ಲಬೇಕು. ಪಕ್ಕದವರು ಒಂದು ಕೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡಿರಲಿ, ಬೆಲ್ಟು ಹಿಡಿಯದಿದ್ದರೆ ಹಣೆ ಉಳಿಯಬೇಕಲ್ಲ. ಪರೀಕ್ಷೆಗೆ ಹೆದ್ದಾರಿಯ ಸರ್ವಿಸ್ ರಸ್ತೆ ಬೇಡ. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಯಾವಾಗ ಬಂದು ಸೇರಿಕೊಳ್ಳುತ್ತದೆಂದು ಹೇಳಲಾಗದು.

ಕೈಯಿಂದ ಜಗ್ಗಿದಾಗ ಹಿಡಿಯದೆ ಬ್ರೇಕಿಗೆ ಮಾತ್ರ ಹಿಡಿಯುವ ಹಳೆಯ ರಿಟ್ರ್ಯಾಕ್ಟರುಗಳೂ ಇವೆ. ಅಂಥದ್ದರಲ್ಲಿ ಎರಡನೆಯ ಲಾಕ್ ಮೊದಲಿನಿಂದಲೇ ಇರುವುದಿಲ್ಲ. ಗೊತ್ತಾಗದಿದ್ದರೆ ಎಡಗಡೆಯ ಬೆಲ್ಟನ್ನೂ ಬಲಗಡೆಯ ಬೆಲ್ಟನ್ನೂ ಹೋಲಿಸಿ. ಎರಡೂ ಒಂದೇ ರೀತಿ ನಡೆದುಕೊಳ್ಳಬೇಕು. ಬ್ರೇಕಿಗೆ ಹಿಡಿಯದಿದ್ದರೆ ಮಾತ್ರ ಚರ್ಚೆಯೇ ಇಲ್ಲ, 7ನೇ ಹಂತದ ಏರ್‌ಬ್ಯಾಗ್ ಎಚ್ಚರಿಕೆ ಓದಿಕೊಂಡು ನೇರವಾಗಿ 8ನೇ ಹಂತಕ್ಕೆ ಹೋಗಿ. ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.

5. ಭುಜದ ಕೊಂಡಿ: ನಿಜವಾದ ಕಳ್ಳ

ಕಂಬದ ಮೇಲ್ಭಾಗದಲ್ಲಿ, ಪಟ್ಟಿ ಮಡಚಿಕೊಂಡು ಭುಜದತ್ತ ಇಳಿಯುವ ಕೊಂಡಿಯೊಂದಿದೆ. ಇಂಗ್ಲಿಷಿನ ಡಿ ಅಕ್ಷರದ ಹಾಗಿರುವುದರಿಂದ ಅದಕ್ಕೆ ಡಿ ರಿಂಗ್ ಎಂದೇ ಹೆಸರು. ಸುತ್ತಿಕೊಳ್ಳದ ಬೆಲ್ಟು ಸಿಕ್ಕಾಗಲೆಲ್ಲ ನಾನು ಮೊದಲು ಕೈ ಹಾಕುವುದು ಇದಕ್ಕೆ.

ಹಲವು ಹಳೆಯ ಗಾಡಿಗಳಲ್ಲಿ ಪಟ್ಟಿ ಕಂಬದ ಹೊರಗಿನಿಂದಲೇ ಮೇಲೇರುತ್ತದೆ. ನಿಮ್ಮದು ಹಾಗಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕೊಂಡಿಗಿಂತ ಕೆಳಗೆ, ಕಂಬದ ಬುಡದ ಸೀಳಿನಿಂದ ಪಟ್ಟಿ ಹೊರಬರುವ ಕಡೆ ಹಿಡಿದು, ಒಂದು ಗೇಣು ಎಳೆದು ಬಿಡಿ. ಚಟಕ್ಕನೆ ಒಳಗೆ ಹೋದರೆ ರಿಟ್ರ್ಯಾಕ್ಟರ್ ಜೀವಂತವಾಗಿದೆ, ತಪ್ಪು ಕೊಂಡಿಯದು. ಅಲ್ಲೂ ಸೋಮಾರಿಯಾಗಿ ಬಿದ್ದುಕೊಂಡರೆ ತಪ್ಪು ಒಳಗಡೆ ಇದೆ.

ಈಗ ಕೊಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಪಟ್ಟಿ ಉಜ್ಜುವ ಒಳಮೈಯಲ್ಲಿ ಕರಿಬೂದು ಬಣ್ಣದ ಮೇಣದಂಥ ಪದರ ಕಾಣುತ್ತದೆ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಪೌಡರು, ರಸ್ತೆಯ ಧೂಳು, ಪಟ್ಟಿಯದೇ ಸವೆದ ನೂಲಿನ ಪುಡಿ, ಎಲ್ಲ ಸೇರಿ ಹತ್ತು ವರ್ಷ ಅರೆದ ಪಾಕ ಅದು. ಒಮ್ಮೆ ಒಂದು ಸ್ಕಾರ್ಪಿಯೊದ ಕೊಂಡಿಯಿಂದ ಅದನ್ನು ಬೆಂಕಿಕಡ್ಡಿಯ ತುದಿಯಲ್ಲಿ ಎಬ್ಬಿಸಿ ಕಾಗದದ ಮೇಲೆ ಇಟ್ಟೆ. ಉಗುರಿನಷ್ಟು ದಪ್ಪದ, ಅರ್ಧಚಂದ್ರಾಕಾರದ ತುಂಡು. ಕೊಂಡಿಯ ಅಚ್ಚನ್ನೇ ತೆಗೆದಂತಿತ್ತು, ಪಟ್ಟಿಯ ನೇಯ್ಗೆಯ ಗೀರುಗಳೂ ಮೂಡಿದ್ದವು. ಗಾಡಿಯ ಮಾಲೀಕರು ಅದನ್ನು ಬೆಲ್ಲದ ತಳ ಎಂದರು. ಆಲೆಮನೆಯವರಿಗೆ ಬೇರೆ ಉಪಮೆ ಎಲ್ಲಿಂದ ಬರಬೇಕು.

ತೆಗೆಯುವ ಬಗೆ ಇಷ್ಟೇ. ಪಟ್ಟಿಯನ್ನು ಎರಡಡಿ ಎಳೆದು ಕೊಂಡಿಯ ಬಳಿ ಕ್ಲಿಪ್ಪು ಹಾಕಿ. ಪಂಚೆಯ ತುಂಡನ್ನು ಬೆರಳಗಲಕ್ಕೆ ಸೀಳಿ, ಸೋಪಿನ ನೀರಿನಲ್ಲಿ ಅದ್ದಿ, ಹಿಂಡಿ, ಕೊಂಡಿಯೊಳಗೆ ಪಟ್ಟಿಯ ಪಕ್ಕದಲ್ಲೇ ತೂರಿಸಿ. ಎರಡೂ ತುದಿ ಹಿಡಿದು ಮಜ್ಜಿಗೆ ಕಡೆಯುವ ಹಾಗೆ ಆಚೆ ಈಚೆ ಎಳೆಯಿರಿ. ಬಟ್ಟೆ ಕಪ್ಪಾಗುತ್ತದೆ, ಇನ್ನೊಂದು ಸೀಳು ತೆಗೆದುಕೊಳ್ಳಿ. ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ನಿಲ್ಲಿಸಬೇಡಿ. ಮೂಲೆಗಳಲ್ಲಿ ಗಟ್ಟಿಯಾಗಿ ಕೂತದ್ದಕ್ಕೆ ಐಸ್‌ಕ್ರೀಮಿನ ಕಡ್ಡಿ ಸಾಕು. ಚಾಕು, ಸ್ಕ್ರೂಡ್ರೈವರ್, ಸ್ಯಾಂಡ್ ಪೇಪರ್ ಬೇಡ. ಒಳಮೈಯಲ್ಲಿ ಒಂದು ಗೀರು ಬಿದ್ದರೆ ಅದು ಮುಂದಿನ ಹತ್ತು ವರ್ಷ ಪಟ್ಟಿಯನ್ನು ಗರಗಸದಂತೆ ತಿನ್ನುತ್ತದೆ. ಒಳಮೈಯ ಪ್ಲಾಸ್ಟಿಕ್ ಸವೆದು ಹಳ್ಳ ಬಿದ್ದಿದ್ದರೆ ಅಥವಾ ಲೋಹ ಕಾಣುತ್ತಿದ್ದರೆ ಶುಚಿಗೊಳಿಸಿ ಪ್ರಯೋಜನವಿಲ್ಲ, ಬದಲಿಸಿ. ಜಾರಲಿ ಎಂದು ಕೊಂಡಿಗೆ ಇನ್ಸುಲೇಶನ್ ಟೇಪ್ ಸುತ್ತುವ ಉಪಾಯವನ್ನೂ ಜನ ಹೇಳಿಕೊಡುತ್ತಾರೆ. ಬೇಸಿಗೆಯ ಬಿಸಿಲಿಗೆ ಟೇಪಿನ ಅಂಟು ಪಟ್ಟಿಗೆ ಮೆತ್ತಿಕೊಳ್ಳುತ್ತದೆ. ಮೊದಲಿಗಿಂತ ಕಡೆ.

ಕೊಂಡಿ ತನ್ನ ಬೋಲ್ಟಿನ ಸುತ್ತ ಸಲೀಸಾಗಿ ತಿರುಗುತ್ತದೆಯೇ ಎಂದೂ ನೋಡಿ. ದಪ್ಪ ಸೀಟು ಕವರ್ ಹಾಕಿಸಿದ ಗಾಡಿಗಳಲ್ಲಿ ಪಟ್ಟಿಯ ಕೆಳತುದಿ ಕವರಿನ ಅಡಿ ಸಿಕ್ಕಿಕೊಂಡು, ಕೊಂಡಿಯನ್ನು ಓರೆಯಾಗಿ ಹಿಡಿದಿರುತ್ತದೆ. ಕವರ್ ಸರಿಸಿದರೆ ಮುಗಿಯಿತು.

6. ಪಟ್ಟಿಯನ್ನು ತೊಳೆಯುವುದು

ಕೊಂಡಿ ಸ್ವಚ್ಛವಾದರೂ ಪಟ್ಟಿಯೇ ಜಿಡ್ಡಾಗಿದ್ದರೆ ಆರು ತಿಂಗಳಲ್ಲಿ ಮತ್ತೆ ಅದೇ ಕಥೆ. ಪಟ್ಟಿಯನ್ನು ಪೂರ್ತಿ ಎಳೆದು, ಸೀಳಿನ ಬಾಯಿಯಲ್ಲಿ ಒಣಬಟ್ಟೆ ಸುತ್ತಿ, ಅದರ ಮೇಲೆ ಕ್ಲಿಪ್ಪು ಹಾಕಿ. ನೀರು ಪಟ್ಟಿಯ ಗುಂಟ ಒಳಗೆ ಹರಿಯದಿರಲು ಈ ಬಟ್ಟೆ. ಸೋಪಿನ ನೀರಿನಲ್ಲಿ ಬ್ರಷ್ ಅದ್ದಿ, ಪಟ್ಟಿಯ ಉದ್ದಕ್ಕೆ ಮಾತ್ರ ಉಜ್ಜಿ, ಅಡ್ಡಡ್ಡ ಉಜ್ಜಬೇಡಿ. ಬರೀ ನೀರಿನ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ಸೋಪು ತೆಗೆಯಿರಿ. ಬಣ್ಣ ಹಾಕುವುದು, ಬ್ಲೀಚ್ ಮಾಡುವುದು ನೂಲಿನ ಬಲವನ್ನೇ ಕಳೆಯುತ್ತದೆ.

ಒಣಗಿಸುವುದರಲ್ಲಿ ಅವಸರ ಮಾಡುವವರೇ ಹೆಚ್ಚು. ಒದ್ದೆ ಪಟ್ಟಿಯನ್ನು ಒಳಗೆ ಬಿಟ್ಟರೆ ಉರುಳೆಯಲ್ಲಿ ಬೂಷ್ಟು ಹಿಡಿಯುತ್ತದೆ, ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಕ್ಲಿಪ್ಪು ಹಾಗೆಯೇ ಇರಲಿ, ಕಿಟಕಿ ಎರಡು ಬೆರಳು ತೆರೆದು ನೆರಳಿನಲ್ಲಿ ಇಡೀ ರಾತ್ರಿ ಬಿಡಿ. ಆಷಾಢದ ಜಡಿಮಳೆಯಲ್ಲಾದರೆ ಎರಡು ದಿನ. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಬೇಡ.

ಒಣಗಿದ ಮೇಲೆ ಬಿಟ್ಟು ನೋಡಿ. ಕೈ ಆಸರೆ ಇಲ್ಲದೆ ತಾನಾಗಿ ಕೊನೆಯವರೆಗೆ ಸುತ್ತಿಕೊಂಡರೆ ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಖರ್ಚು ಒಂದು ಚಮಚ ಸೋಪು.

ಇದೇ ಓಘದಲ್ಲಿ ಬಕಲ್‌ನ ಬಾಯಿಗೂ ಟಾರ್ಚ್ ಹಿಡಿಯಿರಿ. ಅದು ಪಟ್ಟಿಯ ಮೇಲಿನ ಲೋಹದ ನಾಲಗೆ ಹೋಗಿ ಕೂರುವ ಕೆಂಪು ಗುಂಡಿಯ ತುಂಡು. ಬಿಸ್ಕತ್ತಿನ ಪುಡಿ, ಕಡಲೆ ಸಿಪ್ಪೆ ಮಾಮೂಲಿ. ಒಂದು ಸುಮೊದಲ್ಲಿ 25 ಪೈಸೆಯ ನಾಣ್ಯ ಸಿಕ್ಕಿತ್ತು. ಆ ನಾಣ್ಯದ ಚಲಾವಣೆ 2011ರ ಜೂನ್ ಕೊನೆಗೆ ನಿಂತಿದೆ, ಅಂದರೆ ಆ ಬಕಲ್ ಅರ್ಧಂಬರ್ಧ ಕಚ್ಚಿಕೊಂಡು ಎಷ್ಟು ವರ್ಷ ಓಡಿತ್ತೋ ಲೆಕ್ಕ ಹಾಕಿ.

7. ಟ್ರಿಮ್ ಬಿಚ್ಚಿ ನೋಡುವುದು

ತೊಳೆದ ಮೇಲೂ ಸುತ್ತಿಕೊಳ್ಳದಿದ್ದರೆ, ಅಥವಾ 2ನೇ ಹಂತದಲ್ಲಿ ಪಟ್ಟಿ ಬಿಡಿಸಿಕೊಳ್ಳದಿದ್ದರೆ ಮಾತ್ರ ಈ ಹಂತ. ನಿಮ್ಮ ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಬೆಲ್ಟಿನಲ್ಲಿ ಪ್ರಿಟೆನ್ಶನರ್ ಇರುವ ಸಾಧ್ಯತೆ ಹೆಚ್ಚು. ಡಿಕ್ಕಿಯ ಕ್ಷಣದಲ್ಲಿ ಸಣ್ಣ ಮದ್ದು ಸಿಡಿಸಿ ಪಟ್ಟಿಯನ್ನು ಬಿಗಿಯುವ ಸಾಧನ ಅದು. ರಿಟ್ರ್ಯಾಕ್ಟರಿಗೆ ವೈರು ಹೋಗಿದ್ದು, ಅದರ ಕನೆಕ್ಟರ್ ಹಳದಿಯಾಗಿದ್ದರೆ ಅನುಮಾನವೇ ಬೇಡ. ಅಂಥ ಗಾಡಿಯಾದರೆ ನೀವು ಇಲ್ಲಿಗೆ ನಿಲ್ಲಿಸಿ, ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಆ ವೈರಿಗೆ ಮಲ್ಟಿಮೀಟರ್ ಮುಟ್ಟಿಸುವುದು, ಹತ್ತಿರ ವೆಲ್ಡಿಂಗ್ ಮಾಡುವುದು, ಡಬ್ಬಿಯನ್ನು ಸುತ್ತಿಗೆಯಿಂದ ತಟ್ಟುವುದು, ಇವೆಲ್ಲ ಪಟಾಕಿಗೆ ಊದುಬತ್ತಿ ಹಿಡಿದಂತೆ. ಡಿಕ್ಕಿಯಾದ ಮೇಲೆ ಬೆಲ್ಟು ಲಾಕ್ ಆಗಿ ಬಿಡದಿದ್ದರೆ ಆ ಮದ್ದು ಆಗಲೇ ಸಿಡಿದಿರಬಹುದು. ಅದು ಒಂದೇ ಸಲದ ಸರಕು.

ವೈರಿಲ್ಲದ ಸಾದಾ ರಿಟ್ರ್ಯಾಕ್ಟರ್ ಆದರೂ ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿ, ಹತ್ತು ನಿಮಿಷ ಕಾಯ್ದು ಕೆಲಸ ಶುರು ಮಾಡಿ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು ತೆಗೆದು, ಟ್ರಿಮ್ಮನ್ನು ಮೀಟುಗೋಲಿನಿಂದ ಕ್ಲಿಪ್ಪು ಕ್ಲಿಪ್ಪಾಗಿ ಎಬ್ಬಿಸಿ. ಹತ್ತು ವರ್ಷ ಬಿಸಿಲು ತಿಂದ ಪ್ಲಾಸ್ಟಿಕ್ ಬೆಳಗಿನ ತಂಪಿನಲ್ಲಿ ಹಪ್ಪಳದಂತೆ ಮುರಿಯುತ್ತದೆ. ಮಧ್ಯಾಹ್ನದ ಹೊತ್ತು ಮಾಡಿ.

ಪಟ್ಟಿ ಉರುಳೆಯ ಮೇಲೆ ಮಡಚಿಕೊಂಡಿದ್ದರೆ ಕೈಯಿಂದ ಬಿಡಿಸಿ ನೇರ ಮಾಡಿ. ಒಳಗೆ ಬಿದ್ದ ಮಣ್ಣು, ಪೆನ್ನಿನ ಮುಚ್ಚಳ, ಎಲೆಗಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಕಂಪ್ರೆಸರ್ ಗಾಳಿ ಹೊಡೆದರೆ ಧೂಳು ಗುಂಡಿನ ಬಟ್ಟಲಿಗೇ ಹೋಗಿ ಕೂರುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ಸ್ಪ್ರಿಂಗ್ ದಣಿದಿದೆ ಅಥವಾ ಮುರಿದಿದೆ.

ಆ ಸ್ಪ್ರಿಂಗ್‌ನ ಮುಚ್ಚಳವನ್ನು ತೆರೆಯಬೇಡಿ. ತೆರೆದ ಕ್ಷಣಕ್ಕೆ ಹಲವು ಸುತ್ತಿನ ಉಕ್ಕಿನ ಪಟ್ಟಿ ಹಾವಿನಂತೆ ಬಿಚ್ಚಿಕೊಂಡು ಕೈಗೋ ಮುಖಕ್ಕೋ ಬೀಸುತ್ತದೆ, ಅದರ ಅಂಚು ಬ್ಲೇಡಿನಷ್ಟು ಹರಿತ. ಮತ್ತೆ ಸುತ್ತಿ ಕೂರಿಸಿದರೂ ಎಷ್ಟು ಸುತ್ತು ಎಂಬ ಕಾರ್ಖಾನೆಯ ಲೆಕ್ಕ ನಿಮಗೆ ಸಿಗುವುದಿಲ್ಲ. ಎರಡು ಸುತ್ತು ಹೆಚ್ಚು ಕೊಟ್ಟರೆ ಚುರುಕಾಗುತ್ತದೆ ಎನ್ನುತ್ತಾರೆ. ಪಟ್ಟಿ ಪೂರ್ತಿ ಬರುವ ಮೊದಲೇ ಸ್ಪ್ರಿಂಗ್ ಬಿಗಿದು ಮುರಿಯುತ್ತದೆ.

8. ಬದಲಿಸುವುದು

ಕೊಳ್ಳುವಾಗ ಮಾದರಿಯ ಹೆಸರಷ್ಟೇ ಹೇಳಿದರೆ ಸಾಲದು. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಕೊಟ್ಟು, ಎಡವೋ ಬಲವೋ, ಮುಂದಿನದೋ ಹಿಂದಿನದೋ ಸ್ಪಷ್ಟವಾಗಿ ಹೇಳಿ. ರಿಟ್ರ್ಯಾಕ್ಟರ್, ಪಟ್ಟಿ, ಕೊಂಡಿ, ನಾಲಗೆ ಎಲ್ಲ ಸೇರಿ ಒಂದೇ ಜೋಡಣೆಯಾಗಿ ಬರುತ್ತದೆ. ಅಂಗಡಿಯವರು ಅದನ್ನು ಬೆಲ್ಟ್ ಅಸೆಂಬ್ಲಿ ಎನ್ನುತ್ತಾರೆ. ಮೈಸೂರಿನ ಅಧಿಕೃತ ಬಿಡಿಭಾಗದ ಅಂಗಡಿಯಲ್ಲಿ ಇಲ್ಲವೆಂದರೆ ತರಿಸಿಕೊಡಲು ಹೇಳಿ, ಅಥವಾ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಲೇಬಲ್ ಇಲ್ಲದ ಬೆಲ್ಟು ಬೇಡ. ಐಎಸ್ 15140 ಎಂಬ ಭಾರತೀಯ ಮಾನಕದ ಗುರುತು, ಅಥವಾ ವೃತ್ತದೊಳಗಿನ ಇಂಗ್ಲಿಷ್ ಇ ಅಕ್ಷರದ ಪಕ್ಕ ಅಂಕಿ ಇರುವ ಗುರುತು ಹುಡುಕಿ.

ಗುಜರಿಯಿಂದ ತರಬಹುದೇ ಎಂಬುದು ಮುಂದಿನ ಪ್ರಶ್ನೆ. ಬಾಗಿಲು, ಬಂಪರ್, ದೀಪ ತನ್ನಿ, ಬೆಲ್ಟು ಬೇಡ. ಗುಜರಿಗೆ ಗಾಡಿ ಏಕೆ ಬಂತು ಎಂದು ಯೋಚಿಸಿದರೆ ಸಾಕು. ಡಿಕ್ಕಿಯಾದ ಗಾಡಿಯ ಬೆಲ್ಟು ಹೊರಗೆ ಹೊಸದರಂತೆ ಕಾಣಬಹುದು, ಒಳಗಿನ ಉರುಳೆಯ ದಂಡ ತಿರುಚಿಕೊಂಡಿರಬಹುದು.

ಇನ್ನೊಂದು ಮಾದರಿಯ ಬೆಲ್ಟನ್ನು "ಹೊಂದುತ್ತದೆ ಸಾರ್" ಎಂದು ಕೂರಿಸಿಕೊಡುವವರೂ ಇದ್ದಾರೆ. ಬೋಲ್ಟಿನ ತೂತು ಹೊಂದಬಹುದು, ಕೋನ ಹೊಂದುವುದಿಲ್ಲ. ಕಂಬದ ಓರೆ ಒಂದೊಂದು ಗಾಡಿಗೆ ಒಂದೊಂದು, ಗುಂಡಿನ ಬಟ್ಟಲನ್ನು ಆ ಓರೆಗೆ ತಕ್ಕಂತೆ ಇಟ್ಟಿರುತ್ತಾರೆ. ತಪ್ಪು ಕೋನದಲ್ಲಿ ಕೂತರೆ ಬೆಲ್ಟು ಸದಾ ಲಾಕ್ ಆಗಿರುತ್ತದೆ, ಇಲ್ಲವೇ ಹಿಡಿಯಬೇಕಾದಾಗ ತಡಮಾಡುತ್ತದೆ. ಎಡದ್ದನ್ನು ಬಲಕ್ಕೆ ಹಾಕಿದರೂ ಅದೇ ಗತಿ.

ಬಿಚ್ಚುವ ಕ್ರಮ: ಮೊದಲು ಕೆಳತುದಿಯ ಬೋಲ್ಟು, ಆಮೇಲೆ ಭುಜದ ಕೊಂಡಿ, ಕೊನೆಗೆ ರಿಟ್ರ್ಯಾಕ್ಟರ್. ಪ್ರತಿ ಬೋಲ್ಟಿನ ವಾಷರ್, ಬುಷ್ ಯಾವ ಸರದಿಯಲ್ಲಿವೆ ಎಂದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಸರದಿ ತಪ್ಪಿದರೆ ಕೊಂಡಿ ತಿರುಗದೆ ಬಿಗಿದುಕೊಳ್ಳುತ್ತದೆ. ಬಿಚ್ಚಿದ ಮೇಲೆ ಬೋಲ್ಟು ಕೂರುವ ಜಾಗದ ತಗಡನ್ನು ನೋಡಿ. ಕರಾವಳಿಯಲ್ಲಿ ಓಡಿ ಬಂದ ಗಾಡಿಯಾದರೆ ಎರಡು ಸಲ ನೋಡಿ. ತುಕ್ಕು ತಿಂದು ಪದರ ಏಳುತ್ತಿದ್ದರೆ ಹೊಸ ಬೆಲ್ಟು ಹಾಕಿ ಲಾಭವಿಲ್ಲ, ಮೊದಲು ಬಾಡಿ ಕೆಲಸ ಆಗಬೇಕು.

ಹೊಸದನ್ನು ರಟ್ಟಿನ ಪೆಟ್ಟಿಗೆಯಿಂದ ತೆಗೆದು ಕೈಯಲ್ಲಿ ಹಿಡಿದು ಎಳೆದರೆ ಬರುವುದಿಲ್ಲ. "ಹೊಸದೇ ಕೆಟ್ಟಿದೆ" ಎಂದು ಅಂಗಡಿಗೆ ಓಡಬೇಡಿ. ಕೈಯಲ್ಲಿ ಅದು 27 ಡಿಗ್ರಿಗಿಂತ ಹೆಚ್ಚು ವಾಲಿರುತ್ತದೆ ಅಷ್ಟೆ. ಕಂಬದಲ್ಲಿ ಕೂರುವ ಕೋನಕ್ಕೆ ತಿರುಗಿಸಿ ನಿಧಾನವಾಗಿ ಎಳೆದರೆ ಬರುತ್ತದೆ.

ಜೋಡಿಸುವಾಗ ಪಟ್ಟಿ ತಿರುಚಿಲ್ಲವೆಂದು ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿ. ಬೋಲ್ಟನ್ನು ಮೊದಲ ನಾಲ್ಕು ಸುತ್ತು ಬರಿಗೈಯಲ್ಲೇ ಹಾಕಿ. ಗಟ್ಟಿಯಾಯಿತೆಂದರೆ ಮರೆ (ತಿರುಪಿನ ಗೆರೆ) ತಪ್ಪಿದೆ, ಬಿಚ್ಚಿ ಮತ್ತೆ ಹಾಕಿ. ಹಲವು ಗಾಡಿಗಳಲ್ಲಿ ಬಿಗಿಯುವ ಅಳತೆ 40 ನ್ಯೂಟನ್ ಮೀಟರಿನ ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಕಳೆದುಹೋದ ಬೋಲ್ಟಿನ ಬದಲಿಗೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಹಾಕಬೇಡಿ. ಗೇಟಿಗೆ ಹಾಕುವ ಬೋಲ್ಟು ಗೇಟಿಗೇ ಇರಲಿ.

9. ಮತ್ತೊಮ್ಮೆ ಪರೀಕ್ಷೆ

ಟ್ರಿಮ್ ಮುಚ್ಚುವ ಮೊದಲು ಒಂದು ಸಲ, ಮುಚ್ಚಿದ ಮೇಲೆ ಒಂದು ಸಲ 4ನೇ ಹಂತವನ್ನು ಮಾಡಿ. ಮುಚ್ಚಿದ ಮೇಲೆ ಮಾತ್ರ ಬೆಲ್ಟು ಬಿಗಿಯಾದರೆ ಟ್ರಿಮ್‌ನ ಸೀಳು ಪಟ್ಟಿಯನ್ನು ಕಚ್ಚುತ್ತಿದೆ. ಬ್ಯಾಟರಿ ಜೋಡಿಸಿದ ಮೇಲೆ ಏರ್‌ಬ್ಯಾಗ್ ದೀಪ ಆರದೆ ಉರಿಯುತ್ತಿದ್ದರೆ ಗಾಡಿಯನ್ನು ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ.

ಹಿಂದಿನ ಸೀಟಿನ ಬೆಲ್ಟುಗಳಿಗೂ ಇದೇ ಕ್ರಮ. ಹಿಂಬದಿಯಲ್ಲಿ ಎದುರುಬದುರಾಗಿ ಕೂರುವ ಅಡ್ಡ ಸೀಟುಗಳ ಬಗ್ಗೆ ಹಲವರು ಕೇಳಿದ್ದಾರೆ. ಎಷ್ಟೋ ಹಳೆಯ ಗಾಡಿಗಳಲ್ಲಿ ಅಲ್ಲಿ ಬೆಲ್ಟೇ ಇಲ್ಲ, ಇದ್ದರೂ ಸೊಂಟಕ್ಕೆ ಮಾತ್ರ. ಹೊರಗಿನಿಂದ ಬೆಲ್ಟು ತಂದು ತಗಡಿಗೆ ತೂತು ಕೊರೆದು ಹಾಕಿಸುವುದು ವ್ಯರ್ಥ, ತಗಡು ಕಿತ್ತು ಬರುತ್ತದೆ. ಹೆದ್ದಾರಿಗೆ ಹೋಗುವಾಗ ಅಲ್ಲಿ ಸಾಮಾನು ಕೂರಿಸಿ, ಮಕ್ಕಳನ್ನಲ್ಲ.

ಬಿಚ್ಚಿದ ಹಳೆಯ ಬೆಲ್ಟನ್ನು ಇಡಿಯಾಗಿ ಗುಜರಿಗೆ ಕೊಡಬೇಡಿ, ತಿಂಗಳೊಳಗೆ ಇನ್ನೊಬ್ಬರ ಗಾಡಿಯಲ್ಲಿ ಕೂತಿರುತ್ತದೆ. ಪ್ರಿಟೆನ್ಶನರ್ ಇರುವಂಥದ್ದನ್ನು ಬದಲಿಸಿದ ಸರ್ವಿಸ್ ಕೇಂದ್ರದಲ್ಲೇ ಬಿಟ್ಟುಬನ್ನಿ. ಸಾದಾ ಬೆಲ್ಟಾದರೆ ಪಟ್ಟಿಯನ್ನು ಎರಡು ಮೂರು ಕಡೆ ಕತ್ತರಿಸಿ, ಡಬ್ಬಿಯನ್ನು ಬೇರೆ ಮಾಡಿ ಕೊಡಿ. ಕತ್ತರಿಸಿದ ಉದ್ದನೆಯ ತುಂಡು ಡೈರಿಗೆ ಹೋಗುವ ಹಾಲಿನ ಕ್ಯಾನನ್ನು ಬೈಕಿಗೆ ಕಟ್ಟಲು ಆಗುತ್ತದೆ.